ಬಿಟ್ಟದ್ದೋ, ಉಳಿದದ್ದೋ?

ಮೊನ್ನೆ ನನ್ನ ಮೊಮ್ಮಗಳು ಇಂಗ್ಲಿಷ್ ಪಾಠದ ಪುಸ್ತಕ ಹಿಡಿದು ನನ್ನ ಕುರ್ಚಿಯ ಬಳಿ ಬಂದಳು. ‘ಅಜ್ಜಾ, “ಲೆಫ್ಟ್” ಅಂದರೆ ಹೋದದ್ದೋ, ಉಳಿದದ್ದೋ?’ ಎಂದು ಕೇಳಿದಳು. ‘ಹೀ ಲೆಫ್ಟ್’ ಎಂದರೆ ಅವನು ಹೊರಟುಹೋದ; ‘ಟೂ ಆರ್ ಲೆಫ್ಟ್’ ಎಂದರೆ ಎರಡು ಉಳಿದಿವೆ. ಒಂದೇ ಮಾತು ಎರಡಕ್ಕೂ ಹೇಗೆ ಸಲ್ಲುತ್ತದೆ ಎಂಬುದು ಅವಳ ತಕರಾರು. ತಕರಾರು ನ್ಯಾಯವಾದದ್ದೇ. ಎಡಗೈಯ ‘ಲೆಫ್ಟ್’ ಬೇರೆ ಮೂಲದ್ದು, ಅದನ್ನು ಬದಿಗಿಡೋಣ.

‘ಲೀವ್’ ಎಂಬ ಕ್ರಿಯಾಪದದ ಹಳೆಯ ಅರ್ಥ ‘ಉಳಿಯಗೊಡು’ ಎಂದು. ಊರನ್ನು ಅದಿದ್ದಲ್ಲೇ ಉಳಿಯಗೊಟ್ಟು ಮುಂದೆ ನಡೆದವನು ಊರು ಬಿಟ್ಟವನಾದ. ‘ಹೊರಟುಹೋಗು’ ಎಂಬ ಅರ್ಥ ಹೀಗೆ ಆಮೇಲೆ ಬಂದು ಸೇರಿತು. ತಟ್ಟೆಯಲ್ಲಿ ಅನ್ನ ಬಿಡುವುದಕ್ಕೂ, ಮಕ್ಕಳಿಗೆ ಆಸ್ತಿ ಬಿಟ್ಟುಹೋಗುವುದಕ್ಕೂ ಅದೇ ಮಾತು. ‘ಲೈಫ್’ ಕೂಡ ಇದರ ದೂರದ ನಂಟನೆಂದು ಪದಮೂಲ ಬಲ್ಲವರು ಹೇಳುತ್ತಾರೆ.

ಕಚೇರಿಯ ‘ಲೀವ್’ ಮಾತ್ರ ಬೇರೆ ಮನೆತನ. ಅದರ ಅರ್ಥ ಅಪ್ಪಣೆ. ಅದು ‘ಲವ್’ ಎಂಬ ಮಾತಿನ ಬಳಗದ್ದಂತೆ. ರಜೆಯ ಅರ್ಜಿ ಓದುವ ಮೇಲಧಿಕಾರಿಯ ಮುಖ ಕಂಡವರು ಇದನ್ನು ನಂಬಲಾರರು! ಬೀಳ್ಕೊಳ್ಳುವುದಕ್ಕೆ ‘ಟೇಕ್ ಲೀವ್’ ಎನ್ನುವಾಗ ಇರುವುದೂ ಈ ಅಪ್ಪಣೆಯೇ. ನಮ್ಮ ಹಿರಿಯರೂ ಹೊರಡುವಾಗ ‘ಅಪ್ಪಣೆಯಾಗಲಿ’ ಎನ್ನುತ್ತಿದ್ದರಷ್ಟೆ. ಹೇಳದೆ ಕೇಳದೆ ನುಣುಚಿಕೊಂಡರೆ ಇಂಗ್ಲಿಷರು ಅದನ್ನು ‘ಫ್ರೆಂಚ್ ಲೀವ್’ ಎಂದರು. ಫ್ರೆಂಚರು ಅದನ್ನೇ ‘ಇಂಗ್ಲಿಷರಂತೆ ಜಾರಿಕೊಳ್ಳುವುದು’ ಎಂದರು. ತಪ್ಪನ್ನು ನೆರೆಮನೆಯ ಬಾಗಿಲಿಗೆ ಹಾಕುವುದು ಎಲ್ಲ ಕಡೆಯೂ ಒಂದೇ!

ಇನ್ನು ನಮ್ಮ ‘ಬಿಡು’ ಎಂಬ ಮಾತನ್ನು ನೋಡಿ. ‘ಕೆಡು’ವಿನಿಂದ ‘ಕೇಡು’ ಆದಂತೆ ‘ಬಿಡು’ವಿನಿಂದ ‘ಬೀಡು’. ದಂಡು ಇಳಿದ ಎಡೆ ಬೀಡು. ಅರಸನು ಅಲ್ಲೇ ನೆಲೆಸಿದರೆ ನೆಲೆವೀಡು. ಬಿಡುವವನೇ ಬೀಡು ಕಟ್ಟುವವನೆಂಬುದು ನಮ್ಮ ನುಡಿಯಲ್ಲೇ ಇದೆ. ಚೆನ್ನೈಯಲ್ಲಿರುವ ನಮ್ಮವರು ದಿನವೂ ಕೇಳುವ ‘ವೀಡು’ ಇದರ ಒಡಹುಟ್ಟು. ತಮಿಳಿನಲ್ಲಿ ಅದು ಮನೆಯೂ ಹೌದು, ಮೋಕ್ಷವೂ ಹೌದು. ಹೈದರಾಬಾದಿನವರು ಮದುವೆಗಳಲ್ಲಿ ಕಾಣುವ, ಬೀಗರು ಇಳಿದುಕೊಳ್ಳುವ ‘ವಿಡಿದಿ’ಯೂ ಇದೇ ಬಳ್ಳಿಯ ಕಾಯಿ.

ಇಷ್ಟೆಲ್ಲ ಹೇಳಿದೆನಾದರೂ ಹುಡುಗಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. 1969ರಲ್ಲಿ ಧಾರವಾಡದಿಂದ ಮುಂಬಯಿಗೆ ಹೊರಟಾಗ ಅವ್ವನ ಕಾಲಿಗೆರಗಿ ‘ಹೋಗಿ ಬರ್ತೇನಿ’ ಎಂದಿದ್ದೆ. ಹೋದದ್ದು ನಿಜ, ಬರುವುದು ಮಾತ್ರ ವರ್ಷಕ್ಕೆ ಹದಿನೈದು ದಿನದ ಸೂಟಿಯಾಯಿತು. ಕಳೆದ ವರ್ಷ ಆ ಮನೆಯನ್ನೂ ಮಾರಿದೆವು. ಕಾಗದಕ್ಕೆ ಸಹಿ ಹಾಕಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಊರನ್ನು ‘ಲೀವ್’ ಮಾಡಿದ್ದಾಯಿತು. ಮಕ್ಕಳಿಗೆ ‘ಲೀವ್’ ಮಾಡಿದ್ದೇನು? ಮೊಮ್ಮಗಳಿಗೆ ಕನ್ನಡ ಓದಲು ಬಾರದು. ತಪ್ಪು ಅವಳದಲ್ಲ, ಕಲಿಸಲು ಬಿಡುವಿಲ್ಲವೆಂದ ನನ್ನದು, ನನ್ನ ಮಗನದು.

ಆದರೆ ಅಂದು ಪುಸ್ತಕ ಮಡಚಿ ಆಟಕ್ಕೆ ಹೊರಟವಳು ಬಾಗಿಲಲ್ಲಿ ತಿರುಗಿ, ‘ಅಜ್ಜಾ, ಹೋಗಿ ಬರ್ತೇನಿ’ ಎಂದಳು. ಯಾರೂ ಕೂಡಿಸಿ ಕಲಿಸಿದ್ದಲ್ಲ. ಮನೆಯಲ್ಲಿ ಕೇಳಿ ಕೇಳಿ ಉಳಿದದ್ದು. ಇಷ್ಟಾದರೂ ‘ಲೆಫ್ಟ್’ ಆಗಿದೆಯಲ್ಲ ಎಂದುಕೊಂಡೆ. ಮರುದಿನದಿಂದ ಸಂಜೆ ಅರ್ಧ ಗಂಟೆ ನಾವಿಬ್ಬರೂ ಪಾಟಿ ಹಿಡಿದು ಕೂಡುತ್ತೇವೆ. ಈಗ ಕಾಗುಣಿತ ನಡೆದಿದೆ. ಮುಂದಿನ ಸಂಚಿಕೆ ಬಂದಾಗ ಈ ಪುಟವನ್ನು ಅವಳೇ ನನಗೆ ಓದಿ ಹೇಳಬೇಕೆಂಬುದು ನನ್ನ ಆಸೆ.

ಓದುಗರೇ, ನಿಮ್ಮ ಮನೆಯಲ್ಲಿ ಏನೇನು ಉಳಿದಿದೆ? ಬಿಡುವು ಮಾಡಿಕೊಂಡು ಒಮ್ಮೆ ಎಣಿಸಿ ನೋಡಿ.