ಕೈಚೀಲದ ರಂಪ

1997ರಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ಹಸುಗೂಸುಗಳಿಗಾಗಿ ‘ಟೆಲಿಟಬ್ಬೀಸ್’ ಎಂಬ ಟೆಲಿವಿಷನ್ ಕಾರ್ಯಕ್ರಮ ಆರಂಭಿಸಿತು. ಅದರಲ್ಲಿ ತೊದಲು ನುಡಿಯುವ ನಾಲ್ಕು ಗೊಂಬೆಗಳು; ಅವುಗಳ ಹೊಟ್ಟೆಯಲ್ಲೇ ಟೆಲಿವಿಷನ್ ಪರದೆ! 1999ರಲ್ಲಿ ಅಮೆರಿಕದ ಪಾದ್ರಿ ಜೆರ್ರಿ ಫಾಲ್ವೆಲ್‌ರ ಪತ್ರಿಕೆ, ಟಿಂಕಿ ವಿಂಕಿ ಎಂಬ ಗೊಂಬೆಯ ಕೆಂಪು ಕೈಚೀಲ ಕಂಡು, ಇದು ಸಲಿಂಗಕಾಮದ ಸಂಕೇತವೆಂದು ಬೊಬ್ಬೆ ಹಾಕಿತು. 2007ರಲ್ಲಿ ಪೋಲೆಂಡಿನ ಮಕ್ಕಳ ಹಕ್ಕುಗಳ ಅಧಿಕಾರಿಣಿಯೂ ಅದೇ ರಾಗ ಎಳೆದು, ಬಳಿಕ ಹಿಂದೆ ಸರಿದರು.

ಕೂಸಿಗೆ ಚೀಲ ಬರಿಯ ಚೀಲ. ಈ ಧರ್ಮರಕ್ಷಕರ ಕಣ್ಣಿಗೆ ಚೀಲ ಬಿತ್ತು, ಗಲ್ಲಾಪೆಟ್ಟಿಗೆ ಬೀಳಲಿಲ್ಲ! 1997ರ ಕ್ರಿಸ್‌ಮಸ್ಸಿಗೆ ಈ ಗೊಂಬೆಗಳಿಗಾಗಿ ಬ್ರಿಟನ್ನಿನ ತಂದೆತಾಯಿಗಳು ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತರು. ಜನರ ಲೈಸೆನ್ಸ್ ಹಣದಿಂದ ನಡೆಯುವ ಸಂಸ್ಥೆ ಮಾತು ಬಾರದ ಕೂಸನ್ನು ಗಿರಾಕಿಯನ್ನಾಗಿ ಮಾಡಬಹುದೆ? ಇದು ನಮ್ಮ ಪ್ರಶ್ನೆ.

ಎರಡು ವರ್ಷದೊಳಗಿನ ಮಕ್ಕಳಿಗೆ ಟೆಲಿವಿಷನ್ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಅದೇ 1999ರಲ್ಲಿ ಹೇಳಿತು. ಆದರೆ ದುಡಿದು ದಣಿದು ಕೂಸನ್ನು ಪರದೆಯ ಮುಂದೆ ಕೂರಿಸುವ ತಾಯಿಯನ್ನು ನಾವು ದೂರುವುದಿಲ್ಲ. ಆಕೆಗೆ ಬೇಕಾದುದು ಶಿಶುವಿಹಾರ ಮತ್ತು ವಿರಾಮ. ಅವೆರಡನ್ನೂ ಕೊಡದ ವ್ಯವಸ್ಥೆ ಪರದೆಯನ್ನು ಕೊಟ್ಟು, ಗೊಂಬೆಯ ಬೆಲೆಯನ್ನೂ ವಸೂಲು ಮಾಡುತ್ತದೆ. ನೀತಿಗೆಟ್ಟದ್ದು ಇದು, ಕೈಚೀಲವಲ್ಲ.