ಸೇವೆಗೂ ಸಂಬಳಕ್ಕೂ ವೈರವಿಲ್ಲ

ಆಸ್ಪತ್ರೆಯ ದಾದಿಯನ್ನು ನಾವು ‘ಸಿಸ್ಟರ್’ ಎಂದು ಕರೆಯುತ್ತೇವೆ. ಸೋದರಿಯೆಂದು ಕರೆದ ಮೇಲೆ ಆಕೆಯ ಮನೆಯ ಒಲೆ ಹೇಗೆ ಉರಿಯುತ್ತದೆಂದು ವಿಚಾರಿಸುವುದೂ ನಮ್ಮ ಕರ್ತವ್ಯವಲ್ಲವೆ? ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ರಾತ್ರಿ ಪಾಳಿ ಮುಗಿಸಿದ ದಾದಿಯರು ಬೆಳಗಿನ ಲೋಕಲ್ ಗಾಡಿಯಲ್ಲಿ ನಿಂತಲ್ಲಿಯೇ ತೂಕಡಿಸುವುದನ್ನು ನಾವು ಕಂಡಿದ್ದೇವೆ.

2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿಗತಿಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸುವಂತೆ ಕೇಂದ್ರ ಸರಕಾರಕ್ಕೆ ಆದೇಶಿಸಿತು. 50 ಹಾಸಿಗೆಗಳಿಗಿಂತ ಚಿಕ್ಕದಾದ ಆಸ್ಪತ್ರೆಯಲ್ಲಿಯೂ ತಿಂಗಳ ವೇತನವು 20,000 ರೂಪಾಯಿಗಳಿಗೆ ಕಡಿಮೆಯಾಗಬಾರದು. 200 ಹಾಸಿಗೆಗಳನ್ನು ಮೀರಿದಲ್ಲಿ ಅದು ಸರಕಾರಿ ದಾದಿಯರ ವೇತನಕ್ಕೆ ಸಮನಾಗಿರಬೇಕು ಎಂದು ಆ ಸಮಿತಿಯು ಸಲಹೆಯಿತ್ತಿತು. ಆದರೆ ಸಲಹೆಯು ಕಾಯಿದೆಯಲ್ಲ. ಕೇರಳದ ದಾದಿಯರು ಒಗ್ಗಟ್ಟಿನಿಂದ ಹೋರಾಡಿದರು. 2018ರಲ್ಲಿ ಅಲ್ಲಿಯ ಸರಕಾರವು ಕನಿಷ್ಠ ವೇತನವನ್ನು 20,000 ರೂಪಾಯಿಗಳಿಗೆ ಏರಿಸಿ ಪ್ರಕಟಿಸಿತು.

ವೇತನ ಏರಿದರೆ ಚಿಕಿತ್ಸೆಯ ವೆಚ್ಚವೂ ಏರಿ ಬಡವರಿಗೆ ಕಷ್ಟವಾದೀತೆಂದು ಕೆಲವರು ವಾದಿಸುತ್ತಾರೆ. ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೂ ಬಡ ರೋಗಿಯ ಭಾರವನ್ನು ಬಡ ದಾದಿಯ ಹೆಗಲಿಗೇರಿಸುವುದು ನ್ಯಾಯವೆನಿಸದು. ಆ ಭಾರವನ್ನು ಹೊರಬೇಕಾದವು ಸರಕಾರ, ನಗರಪಾಲಿಕೆಗಳ ಆಸ್ಪತ್ರೆಗಳು, ಅವು ಬಲಗೊಳ್ಳಬೇಕು. ಮೇಲಾಗಿ, ದಣಿದ ಕೈ ಔಷಧದ ಅಳತೆಯನ್ನು ತಪ್ಪಿದರೆ ಕೇಡು ರೋಗಿಗೇ ಅಲ್ಲವೆ?

ನಮ್ಮ ಸಹಪಾಠಿಗಳಲ್ಲಿ ಕೆಲವರು ನಾಳೆ ಈ ವೃತ್ತಿಯನ್ನು ಕೈಕೊಳ್ಳಬಹುದು. ಅವರಿಗೆ ಹೊಗಳಿಕೆಯೊಡನೆ ತಕ್ಕ ಸಂಬಳವೂ ದೊರೆಯಲಿ.