ತೋಟ ಬೇಗಮರದು, ಹೆಸರು ಯಾರದು?

ನಮ್ಮ ನಿಕಾಹ್‌ಗಳು, ಉರುಸ್‌ಗಳು ಗುಲಾಬಿ ಅತ್ತರಿಲ್ಲದೆ ನಡೆಯವು. ಅದರ ಶ್ರೇಯಸ್ಸನ್ನು ಬಾದಶಹ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಕೊಟ್ಟಿರುವುದು ನೂರ್‌ಜಹಾನಳ ತಾಯಿ ಅಸ್ಮತ್ ಬೇಗಮಳಿಗೆ. ಕಾದ ಪನ್ನೀರಿನ ಮೇಲೆ ಕಟ್ಟಿದ ಜಿಡ್ಡನ್ನು ಆಕೆ ತಾಳ್ಮೆಯಿಂದ ತೆಗೆದು ಕೂಡಿಟ್ಟಳು. ಬಾದಶಹ ಮೆಚ್ಚಿ ಮುತ್ತಿನ ಹಾರ ಕೊಟ್ಟ. ಅತ್ತರಿಗೆ ಬಂದ ಹೆಸರು ಮಾತ್ರ 'ಇತ್ರ್-ಎ-ಜಹಾಂಗೀರಿ'. ಆ ಹೆಸರಿಟ್ಟವಳೂ ಅರಮನೆಯ ಹಿರಿಯ ಬೇಗಮಳೇ ಎಂಬುದು ಬೇರೆ ಮಾತು.

ಅಸ್ಮತ್ ಮತ್ತು ಆಕೆಯ ಗಂಡ ಆಗ್ರಾದಲ್ಲಿ ಯಮುನೆಯ ದಂಡೆಯಲ್ಲಿ ಅಕ್ಕಪಕ್ಕ ಮಲಗಿದ್ದಾರೆ. 1622ರಿಂದ 1628ರವರೆಗೆ ಆ ಸಮಾಧಿಯನ್ನೂ ಸುತ್ತಲಿನ ಚಾರ್‌ಬಾಗನ್ನೂ ಮಾಡಿಸಿದವಳು ಮಗಳು ನೂರ್‌ಜಹಾನ್. ಗೋರಿ ಎರಡು, ಹೆಸರು ಒಂದೇ: ಇತಿಮಾದುದ್ದೌಲ. ಅದೇ ದಂಡೆಯಲ್ಲಿ ಉತ್ತರಕ್ಕಿರುವ ರಾಮ್‌ಬಾಗನ್ನು ನೂರ್ ಅಫ್ಶಾನ್ ಎಂಬ ಹೆಸರಿನಲ್ಲಿ ಹೊಸದಾಗಿ ರೂಪಿಸಿದವಳೂ ಅವಳೇ. ಜನರ ಬಾಯಲ್ಲಿ ಅದು ಇಂದಿಗೂ ಬಾಬರನ ತೋಟ!

ದೆಹಲಿಯ ಚಾಂದನಿ ಚೌಕದ ಪಕ್ಕದಲ್ಲಿ ಜಹಾನಾರಾ 1650ರಲ್ಲಿ ಮಾಡಿಸಿದ ಬೇಗಂ ಬಾಗ್, 1857ರ ನಂತರ ವಿಕ್ಟೋರಿಯಾ ರಾಣಿಯ ಹೆಸರು ಹೊತ್ತಿತು, ಆಮೇಲೆ ಗಾಂಧೀಜಿಯದು. ತಂಗಿ ರೋಶನಾರಾ ಜಾಣೆ. ತನ್ನ ತೋಟದಲ್ಲೇ 1671ರಲ್ಲಿ ಮಣ್ಣಾದಳು, ಹೆಸರು ಉಳಿಯಿತು.

ಮುಸ್ಲಿಂ ಹೆಣ್ಣೆಂದರೆ ಕತ್ತಲೆ ಕೋಣೆ ಎಂದು ಬರೆಯುವವರಿಗೆ ಈ ತೋಟಗಳು ಕಾಣುವುದಿಲ್ಲ. ಅವರನ್ನು ಬಿಡೋಣ. ನಮ್ಮವರ ಕಥೆಯೇನು? ವೇದಿಕೆಯ ಮೇಲೆ ಮೊಗಲರ ಉದ್ಯಾನಗಳನ್ನು ಕೊಂಡಾಡುವ ನಮ್ಮ ಮುಖಂಡರು ಅದೇ ಉಸಿರಿನಲ್ಲಿ ಹೆಣ್ಣಿಗೆ ಹೊಸ್ತಿಲೇ ಮೇರೆ ಎನ್ನುತ್ತಾರೆ. ನೂರ್‌ಜಹಾನ್ ಪರ್ದಾದಲ್ಲಿದ್ದೇ ಜಾಗೀರು ನಡೆಸಿದಳು, ಹಡಗು ಕಳಿಸಿದಳು. ಜಹಾನಾರಾಳಿಗೆ ಸೂರತ್ ಬಂದರಿನ ಆದಾಯವಿತ್ತು. ಅವರ ತೋಟಗಳು ಬೆಳೆದದ್ದು ಬರೀ ನೀರಿನಿಂದಲ್ಲ, ಸ್ವಂತ ದುಡ್ಡಿನಿಂದ.

ಇಂದು ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಏನಿದೆ? ಮಗನ ಪಾಲಿನ ಅರ್ಧವನ್ನು ಮಗಳಿಗೆ ಕುರ್‌ಆನ್ ಕೊಟ್ಟಿದೆ. ಅಡಿಕೆ ತೋಟ, ಮಾವಿನ ತೋಪು ಪಾಲಾಗುವ ದಿನ 'ನಿನಗೆ ತವರು ಬೇಡವೇ' ಎಂದು ಹೆದರಿಸಿ ಅಕ್ಕತಂಗಿಯರಿಂದ ಹಕ್ಕುಬಿಡುಗಡೆ ಬರೆಸಿಕೊಳ್ಳುವವರು ಐದು ಹೊತ್ತಿನ ನಮಾಜಿಗಳೇ ಅಲ್ಲವೇ? ಹಾಗೆ ಬರೆಸಿಕೊಂಡ ತೋಪಿನಲ್ಲಿ ಕಳೆ ಕೀಳಲು ಬರುವವರೂ ಹೆಂಗಸರೇ. ಅವರ ಕೂಲಿಯೂ ಗಂಡಾಳಿಗಿಂತ ಕಡಿಮೆ.

ನಮ್ಮ ಜಮಾತುಗಳಿಗೆ ತಾಕತ್ತಿದ್ದರೆ ಮುಂದಿನ ಜುಮಾದಲ್ಲಿ ಇದನ್ನು ಎತ್ತಲಿ. ಮೊಹಲ್ಲಾದ ಎಷ್ಟು ಮನೆಗಳ ಪಹಣಿಯಲ್ಲಿ ಮಗಳ ಹೆಸರಿದೆ ಎಂದು ಎಣಿಸಲಿ. ಇಮಾಮರ ಮನೆಯಿಂದಲೇ ಆರಂಭಿಸಲಿ.